ಒಂದು ಚುಚ್ಚುಮದ್ದು, ಆರು ತಿಂಗಳ ಅಭಯ

ಉಡುಪಿಯ ಮನೆಯೊಂದರಲ್ಲಿ ಬೆಳಗಿನ ಕಾಫಿಗೆಂದು ಒಲೆಯ ಮೇಲೆ ಉಕ್ಕುವ ಹಾಲು ಕಾಪುವಿನ ತೆಂಗಿನ ತೋಟದ ನಡುವಣ ಹಟ್ಟಿಯಲ್ಲಿಯೋ, ಕಾರ್ಕಳದ ಗುಡ್ಡದ ಮಗ್ಗುಲಿನ ಹಟ್ಟಿಯಲ್ಲಿಯೋ ಕರೆದದ್ದಾಗಿರಬಹುದು. 1974ರಲ್ಲಿ ಮಣಿಪಾಲದಲ್ಲಿ ಕೆನರಾ ಹಾಲು ಒಕ್ಕೂಟವು ಸ್ಥಾಪನೆಯಾದ ಮೇಲೆ, ಒಂದೆರಡು ಹಸುಗಳನ್ನಷ್ಟೇ ಸಾಕಿದ ಸಂಸಾರಗಳಿಗೂ ಪೇಟೆಗೂ ಹಾಲಿನ ನಂಟು ಬೆಳೆಯಿತು. ಅಂಥ ಹಟ್ಟಿಯನ್ನು ಕಾಲುಬಾಯಿ ಜ್ವರ ಹೊಕ್ಕಿತೆಂದರೆ ಆ ಸಂಸಾರದ ಆದಾಯವೇ ಬತ್ತಿಹೋಗುತ್ತದೆ.

ಮೊದಲು ಜ್ವರ, ಬಳಿಕ ನಾಲಿಗೆಯ ಮೇಲೆ, ಗೊರಸಿನ ಸಂದಿನಲ್ಲಿ, ಕೆಚ್ಚಲಿನ ತೊಟ್ಟುಗಳಲ್ಲಿ ನೀರುಗುಳ್ಳೆಗಳು. ಹಸು ಜೊಲ್ಲು ಸುರಿಸುತ್ತ, ಹುಲ್ಲು ಮುಟ್ಟದೆ, ಕುಂಟುತ್ತ ನಿಲ್ಲುತ್ತದೆ. ಬೆಳೆದ ದನಗಳು ಸಾಯುವುದು ಅಪರೂಪ. ಆದರೆ ಎಳೆಗರುಗಳ ಹೃದಯಕ್ಕೇ ರೋಗ ತಗಲಿ ಅವು ಹಠಾತ್ತನೆ ಅಸುನೀಗುವುದುಂಟು. ಗುಣ ಹೊಂದಿದ ಎಷ್ಟೋ ಹಸುಗಳು ಮೊದಲಿನಷ್ಟು ಹಾಲು ಕೊಡಲಾರವು.

ಲಸಿಕೆಯಿಂದ ಈ ರೋಗವನ್ನು ಎಷ್ಟರ ಮಟ್ಟಿಗೆ ತಡೆಯಬಹುದು? ಉತ್ತರ ತಿಳಿಯಲು ಇದಕ್ಕಿಂತ ಭಯಂಕರವಾಗಿದ್ದ ಇನ್ನೊಂದು ವೈರಸ್ ರೋಗದ ಕಥೆಯನ್ನು ನೋಡಬೇಕು. ದೊಡ್ಡರೋಗವೆಂದು ಹೆಸರಾಗಿದ್ದ ರಿಂಡರ್‌ಪೆಸ್ಟ್ ಹಟ್ಟಿಗಳನ್ನೇ ಬರಿದು ಮಾಡುತ್ತಿತ್ತು. 1920ರ ದಶಕದಲ್ಲಿ ಹಿಮಾಲಯದ ಮುಕ್ತೇಶ್ವರದ ಸಂಶೋಧನಾಲಯದಲ್ಲಿ ಎಡ್ವರ್ಡ್ಸ್ ಎಂಬ ವಿಜ್ಞಾನಿ ಅದರ ವೈರಸ್ಸನ್ನು ಆಡುಗಳಲ್ಲಿ ಮತ್ತೆ ಮತ್ತೆ ಬೆಳೆಸಿ ಪಳಗಿಸಿದರು. 1954ರಲ್ಲಿ ದೇಶವ್ಯಾಪಿ ಲಸಿಕೆಯ ಕಾರ್ಯ ಮೊದಲಾಯಿತು. ಭಾರತದಲ್ಲಿ ಆ ರೋಗ ಕೊನೆಯ ಬಾರಿ ಕಾಣಿಸಿಕೊಂಡದ್ದು 1995ರಲ್ಲಿ. 2011ರಲ್ಲಿ ಇಡೀ ಜಗತ್ತೇ ಅದರಿಂದ ಮುಕ್ತವೆಂದು ಸಾರಲಾಯಿತು. ಆ ರೋಗದ ವಿರುದ್ಧ ಬಳಸಿದ್ದು ಪಳಗಿಸಿದ ಜೀವಂತ ವೈರಸ್ಸಿನ ಲಸಿಕೆ. ಅದರ ರಕ್ಷಣೆ ವರ್ಷಾನುಗಟ್ಟಲೆ ಉಳಿಯುತ್ತಿತ್ತು.

ಕಾಲುಬಾಯಿ ಜ್ವರದ ವೈರಸ್ ಅಷ್ಟು ಸುಲಭವಾಗಿ ಸೋಲುವಂಥದಲ್ಲ. ಅದರಲ್ಲಿ ಏಳು ಬಗೆಗಳುಂಟು. ಒಂದು ಬಗೆಯ ವಿರುದ್ಧ ಪಡೆದ ಶಕ್ತಿ ಇನ್ನೊಂದನ್ನು ತಡೆಯದು. ಆದುದರಿಂದ ನಮ್ಮ ದೇಶದಲ್ಲಿ ಓ, ಎ, ಏಷ್ಯಾ-1 ಎಂಬ ಮೂರು ಬಗೆಗಳನ್ನೂ ಒಂದೇ ಲಸಿಕೆಯಲ್ಲಿ ಸೇರಿಸುತ್ತಾರೆ. ಅದರಲ್ಲಿರುವುದು ನಿರ್ಜೀವಗೊಳಿಸಿದ ವೈರಸ್; ಅದು ನೀಡುವ ಬಲ ತಿಂಗಳುಗಳು ಕಳೆದಂತೆ ಕುಂದುತ್ತದೆ. ಕರುವಿಗೆ ನಾಲ್ಕು ತಿಂಗಳು ತುಂಬಿದಾಗ ಮೊದಲ ಸೂಜಿ, ತಿಂಗಳ ಬಳಿಕ ಇನ್ನೊಂದು, ಅನಂತರ ಆರಾರು ತಿಂಗಳಿಗೊಮ್ಮೆ ತಪ್ಪದೆ ಕೊಡಿಸಬೇಕು. 2019ರಲ್ಲಿ ಆರಂಭವಾದ ರಾಷ್ಟ್ರೀಯ ಯೋಜನೆಯಲ್ಲಿ ಇದಕ್ಕೆ ರೈತರು ಹಣ ತೆರಬೇಕಾಗಿಲ್ಲ.

ಸರಿಯಾದ ಕಾಲಕ್ಕೆ ಕೊಟ್ಟ ಲಸಿಕೆ ಬಹುಪಾಲು ದನಗಳನ್ನು ರೋಗದಿಂದ ಕಾಯುತ್ತದೆ. ಆದರೆ ಪ್ರತಿಯೊಂದನ್ನೂ ಅಲ್ಲ. ತಯಾರಾದ ಕಡೆಯಿಂದ ಹಟ್ಟಿಯವರೆಗೂ ಅದು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿಯೇ ಇರಬೇಕು. ಕರಾವಳಿಯ ಸೆಕೆಯಲ್ಲಿ ಮಂಜುಗಡ್ಡೆಯ ಪೆಟ್ಟಿಗೆಯನ್ನು ಅಲಕ್ಷಿಸಿದರೆ ಮದ್ದು ನಿಷ್ಫಲ. ಇನ್ನೊಂದು ಸೂಕ್ಷ್ಮವೂ ಉಂಟು: ಲಸಿಕೆ ಪಡೆದ ದನವು ಕಾಯಿಲೆ ಬೀಳದಿದ್ದರೂ ಅದರ ಗಂಟಲಲ್ಲಿ ವೈರಸ್ ಅಡಗಿರಬಹುದು. ಅಂದಮೇಲೆ ಒಂದು ಹಟ್ಟಿಯ ಕ್ಷೇಮ ನೆರೆಯ ಹಟ್ಟಿಯ ಮೇಲೂ ನಿಂತಿದೆ.

ಕಂಬಳದ ದಿನಗಳಲ್ಲಿ ಈ ಮಾತಿಗೆ ಇನ್ನಷ್ಟು ತೂಕ ಬರುತ್ತದೆ. ಕಾರ್ಕಳದ ಬಳಿಯ ಮಿಯ್ಯಾರಿನಲ್ಲಿ, ಕಾಪುವಿನ ಸಮೀಪದ ಕಟಪಾಡಿಯಲ್ಲಿ ದೂರದೂರದ ಕೋಣಗಳು ಒಂದೆಡೆ ಸೇರುತ್ತವೆ. ಲಸಿಕೆಯ ಶಕ್ತಿ ಮೈಗೂಡಲು ಒಂದೆರಡು ವಾರಗಳು ಬೇಕು. ಕೋಣವನ್ನು ಲಾರಿಗೆ ಹತ್ತಿಸುವ ಮುನ್ನಾ ದಿನ ಕೊಡಿಸಿದರೆ ಪ್ರಯೋಜನವಿಲ್ಲ.

ಆದರೂ “ಸೂಜಿ ಹಾಕಿಸಿದರೆ ಹಾಲು ಇಳಿಯುತ್ತದೆ” ಎಂದು ಹಸುವನ್ನು ಹಿಂದಕ್ಕೆ ಕಟ್ಟಿಕೊಳ್ಳುವವರಿದ್ದಾರೆ. ಅವರ ಮಾತು ಸುಳ್ಳಲ್ಲ. ಎರಡು ಮೂರು ದಿನ ಹಾಲು ತುಸು ಕಡಿಮೆಯಾಗುವುದುಂಟು. ಆದರೆ ಆ ಒಂದೆರಡು ಕುಡ್ತೆ ಹಾಲಿನ ಆಸೆಗೆ ಇಡೀ ಕರಾವಿನ ಹಾಲನ್ನೂ, ಒಮ್ಮೊಮ್ಮೆ ಕರುವನ್ನೂ, ಅದರೊಡನೆ ನೆರೆಯವರ ಹಟ್ಟಿಯನ್ನೂ ಪಣಕ್ಕೊಡ್ಡುವುದು ಜಾಣತನವಲ್ಲ. ದೊಡ್ಡರೋಗವನ್ನು ನೆಲದಿಂದಲೇ ಅಟ್ಟಿದ್ದು ಮದ್ದೊಂದೇ ಅಲ್ಲ. ಊರೂರಿನ ಹಟ್ಟಿಗಳು ಆ ಮದ್ದಿಗೆ ಬಾಗಿಲು ತೆರೆದದ್ದು. ಕಾಲುಬಾಯಿ ಜ್ವರಕ್ಕಾದರೋ ಆ ಬಾಗಿಲನ್ನು ಆರು ತಿಂಗಳಿಗೊಮ್ಮೆ ತೆರೆಯುತ್ತಲೇ ಇರಬೇಕು.