ಎದೆ ಢವಢವ: ಹೃದಯದ್ದೋ, ಮನಸ್ಸಿನದೋ?

ರಾತ್ರಿ ಪಾತ್ರೆ ತೊಳೆದಿಟ್ಟು, ಮಕ್ಕಳನ್ನು ಮಲಗಿಸಿ ಹಾಸಿಗೆಗೆ ಒರಗಿದ ಕೂಡಲೇ ಎದೆಯೊಳಗೆ ಢವಢವ ಶುರುವಾಗುತ್ತದೆ. ಒಮ್ಮೆ ಬಡಿತ ತಪ್ಪಿದಂತೆ, ಮರುಕ್ಷಣ ಯಾರೋ ಒಳಗಿನಿಂದ ಗುದ್ದಿದಂತೆ. 'ಹಾರ್ಟ್ ಅಟ್ಯಾಕ್ ಇರಬಹುದೇ?' ಎಂಬ ಯೋಚನೆ ಬಂದದ್ದೇ ತಡ, ಬಡಿತ ಇನ್ನಷ್ಟು ಏರುತ್ತದೆ. ಬೆಳಿಗ್ಗೆ ಮನೆಯವರಿಗೆ ಹೇಳಿದರೆ ಒಬ್ಬರು 'ಗ್ಯಾಸ್ ಇರಬೇಕು' ಎನ್ನುತ್ತಾರೆ, ಇನ್ನೊಬ್ಬರು 'ನಿನಗೆ ಟೆನ್ಷನ್ ಜಾಸ್ತಿ' ಎನ್ನುತ್ತಾರೆ. ಮಾತು ಅಲ್ಲಿಗೇ ಮುಗಿಯುತ್ತದೆ.

ಟೆನ್ಷನ್ ಎನ್ನುವುದು ಸುಳ್ಳಲ್ಲ. ಎದೆಬಡಿತದ ದೂರಿಗೆ ಆತಂಕವೇ ಕಾರಣವಾಗಿರುವುದು ಬಹಳ ಸಾಮಾನ್ಯ. ಆದರೆ ಅದು ಪರೀಕ್ಷೆ ಮಾಡಿಸಿದ ಮೇಲೆ ಹೇಳಬೇಕಾದ ಮಾತು. ಮೊದಲೇ ಹೇಳಿಬಿಟ್ಟರೆ ಸುಲಭವಾಗಿ ಗುಣವಾಗುವ ಕಾಯಿಲೆಯೂ ವರ್ಷಗಟ್ಟಲೆ ಅಡಗಿಕೊಂಡಿರುತ್ತದೆ.

ಆತಂಕದಿಂದ ಬಡಿತ ಏರುವುದು ಹೇಗೆ?

ವಿಶ್ರಾಂತಿಯಲ್ಲಿರುವ ವಯಸ್ಕರ ಹೃದಯ ನಿಮಿಷಕ್ಕೆ 60ರಿಂದ 100 ಸಲ ಬಡಿಯುತ್ತದೆ. ದಿನಕ್ಕೆ ಸುಮಾರು ಒಂದು ಲಕ್ಷ ಬಡಿತ. ಇಷ್ಟು ಕೆಲಸ ನಮ್ಮ ಅರಿವಿಗೇ ಬಾರದೆ ನಡೆಯುತ್ತದೆ. ಭಯವಾದಾಗ ಅಡ್ರಿನಲಿನ್ ಎಂಬ ಹಾರ್ಮೋನು ರಕ್ತಕ್ಕೆ ಸೇರಿ ಹೃದಯವನ್ನು ಓಡಿಸುತ್ತದೆ. ನಾಯಿ ಅಟ್ಟಿಸಿಕೊಂಡು ಬಂದರೂ ಹೀಗೆಯೇ, ಗಲ್ಫ್‌ನಲ್ಲಿರುವ ಮಗನ ಫೋನು ಎರಡು ದಿನ ಬಾರದಿದ್ದರೂ ಹೀಗೆಯೇ. ನಿಜವಾದ ಅಪಾಯ ಯಾವುದು, ಮನಸ್ಸಿನ ಅಪಾಯ ಯಾವುದು ಎಂದು ಹೃದಯಕ್ಕೆ ತಿಳಿಯುವುದಿಲ್ಲ.

ಗಾಬರಿಯಾದವರು ತಿಳಿಯದೆಯೇ ವೇಗವಾಗಿ ಉಸಿರಾಡುತ್ತಾರೆ. ಆಗ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಕಡಿಮೆಯಾಗಿ ಬೆರಳ ತುದಿ, ತುಟಿ ಜುಮುಗುಟ್ಟುತ್ತವೆ, ತಲೆ ಸುತ್ತುತ್ತದೆ. ಅದನ್ನು ಕಂಡು ಭಯ ಹೆಚ್ಚುತ್ತದೆ, ಭಯಕ್ಕೆ ಬಡಿತ ಹೆಚ್ಚುತ್ತದೆ. ಹೀಗೆ ಒಂದು ಇನ್ನೊಂದನ್ನು ಬೆಳೆಸುತ್ತದೆ. ಇಂಥ ಗಾಬರಿ ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ತುತ್ತತುದಿಗೆ ಏರಿ, ನಂತರ ನಿಧಾನವಾಗಿ ಇಳಿಯುತ್ತದೆ.

ದೇಹದಲ್ಲೇ ಇರಬಹುದಾದ ಕಾರಣಗಳು

ನಮ್ಮ ಮನೆಗಳಲ್ಲಿ ಮೊದಲು ನೋಡಬೇಕಾದದ್ದು ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಇದೆ. ಹಿಮೋಗ್ಲೋಬಿನ್ ಇಳಿದಾಗ ದೇಹಕ್ಕೆ ಬೇಕಾದ ಆಮ್ಲಜನಕ ಒದಗಿಸಲು ಹೃದಯ ಹೆಚ್ಚು ಬಡಿಯಬೇಕಾಗುತ್ತದೆ. ಮೆಟ್ಟಿಲು ಹತ್ತುವಾಗ ಏದುಸಿರು, ಸುಸ್ತು, ಮುಟ್ಟಿನಲ್ಲಿ ಅತಿ ರಕ್ತಸ್ರಾವ ಇದ್ದರೆ ಇದನ್ನು ಖಂಡಿತ ಪರೀಕ್ಷಿಸಬೇಕು.

ಎರಡನೆಯದು ಥೈರಾಯ್ಡ್. ಅದು ಅತಿಯಾಗಿ ಕೆಲಸ ಮಾಡಿದರೆ ಬಡಿತ ಏರುತ್ತದೆ, ಕೈ ನಡುಗುತ್ತದೆ, ಚೆನ್ನಾಗಿ ಉಂಡರೂ ತೂಕ ಇಳಿಯುತ್ತದೆ, ಸೆಖೆ ತಡೆಯಲಾಗುವುದಿಲ್ಲ, ಮನಸ್ಸೂ ಚಡಪಡಿಸುತ್ತದೆ. ನೋಡುವವರಿಗೆ ಇದು ಥೇಟ್ ಆತಂಕದಂತೆಯೇ ಕಾಣುತ್ತದೆ. ಥೈರಾಯ್ಡ್ ಮಾತ್ರೆಯ ಪ್ರಮಾಣ ಹೆಚ್ಚಾದರೂ ಇದೇ ತೊಂದರೆ.

ಜ್ವರ, ಗರ್ಭಾವಸ್ಥೆ, ಮಧುಮೇಹಿಗಳಲ್ಲಿ ಸಕ್ಕರೆ ಅಂಶ ಕುಸಿಯುವುದು, ಅಸ್ತಮಾದ ಕೆಲವು ಇನ್‌ಹೇಲರ್, ಮೂಗು ಕಟ್ಟಿದ್ದಕ್ಕೆ ತೆಗೆದುಕೊಳ್ಳುವ ಕೆಲವು ಶೀತದ ಮಾತ್ರೆಗಳು, ಸಿಗರೇಟು, ದಿನವಿಡೀ ಕುಡಿಯುವ ಚಹಾ-ಕಾಫಿ ಇವೂ ಕಾರಣಗಳೇ. ರಮಝಾನಿನಲ್ಲಿ ಸಹರಿ ಹೊತ್ತಿಗೆ ನೀರು ಕಡಿಮೆ ಕುಡಿದು, ಇಫ್ತಾರಿನ ನಂತರ ಚಹಾದ ಮೇಲೆ ಚಹಾ ಕುಡಿದು, ನಿದ್ದೆಯನ್ನೂ ಕೆಡಿಸಿಕೊಂಡರೆ ಆರೋಗ್ಯವಂತರಿಗೂ ಎದೆ ಹಾರಬಹುದು. ಹೃದ್ರೋಗ, ಮಧುಮೇಹ ಇರುವವರು ಉಪವಾಸಕ್ಕೆ ಮುಂಚೆಯೇ ವೈದ್ಯರನ್ನು ಕಂಡು ಮಾತ್ರೆಯ ಹೊತ್ತು ನಿಗದಿಪಡಿಸಿಕೊಳ್ಳಬೇಕು.

ಇನ್ನು ಹೃದಯದ ಲಯದ್ದೇ ತೊಂದರೆ. ಆಗೊಮ್ಮೆ ಈಗೊಮ್ಮೆ ಬಡಿತ ತಪ್ಪಿದಂತೆ ಆಗುವುದು ಹೆಚ್ಚಾಗಿ ಒಂದು ಬಡಿತ ಸ್ವಲ್ಪ ಬೇಗ ಬಂದದ್ದರಿಂದ. ಅದರ ನಂತರ ಚಿಕ್ಕ ವಿರಾಮ, ಆಮೇಲೆ ಒಂದು ಜೋರು ಬಡಿತ. ಹೃದಯ ಆರೋಗ್ಯವಾಗಿದ್ದರೆ ಸಾಮಾನ್ಯವಾಗಿ ಇದರಿಂದ ಅಪಾಯವಿಲ್ಲ. ಎಡಗಡೆ ಮಗ್ಗುಲಾಗಿ ಮಲಗಿದಾಗ ಹೃದಯ ಎದೆಗೂಡಿಗೆ ಹತ್ತಿರವಾಗುವುದರಿಂದ ಇದು ಇನ್ನೂ ಸ್ಪಷ್ಟವಾಗಿ ತಿಳಿಯುತ್ತದೆ. ಆದರೆ ಸ್ವಿಚ್ ಹಾಕಿದಂತೆ ಥಟ್ಟನೆ ಶುರುವಾಗಿ, ನಿಮಿಷಕ್ಕೆ 150ಕ್ಕೂ ಮೇಲೆ ಓಡಿ, ಹಾಗೆಯೇ ಥಟ್ಟನೆ ನಿಲ್ಲುವ ಬಡಿತ ಹೃದಯದ ವಿದ್ಯುತ್ ವ್ಯವಸ್ಥೆಯ ತೊಂದರೆಯಾಗಿರಬಹುದು. ಇದಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ವಯಸ್ಸಾದವರಲ್ಲಿ ನಾಡಿ ತಾಳವಿಲ್ಲದೆ ಹೇಗೆಂದರೆ ಹಾಗೆ ಬಡಿಯುತ್ತಿದ್ದರೆ ನಿರ್ಲಕ್ಷಿಸಬಾರದು. ಅದರಿಂದ ಪಾರ್ಶ್ವವಾಯುವಿನ ಅಪಾಯವಿದೆ.

ವೈದ್ಯರ ಬಳಿ ಹೋಗುವ ಮುನ್ನ

ಎದೆ ಹಾರಿದಾಗ ಮಣಿಕಟ್ಟಿನಲ್ಲಿ, ಹೆಬ್ಬೆರಳಿನ ಬುಡದ ಕೆಳಗೆ ಎರಡು ಬೆರಳಿಟ್ಟು 30 ಸೆಕೆಂಡು ಎಣಿಸಿ, ಎರಡರಿಂದ ಗುಣಿಸಿ. ಬಡಿತ ಸಮವಾಗಿದೆಯೇ, ಏರುಪೇರೇ? ಥಟ್ಟನೆ ಬಂತೇ, ಮೆಲ್ಲಗೆ ಏರಿತೇ? ಎಷ್ಟು ಹೊತ್ತು ಇತ್ತು? ಆಗ ಏನು ಮಾಡುತ್ತಿದ್ದಿರಿ? ಇಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಸೇವಿಸುತ್ತಿರುವ ಎಲ್ಲ ಮಾತ್ರೆಗಳನ್ನೂ ಕೊಂಡೊಯ್ಯಿರಿ.

ಹೆಚ್ಚಿನವರಿಗೆ ಇಸಿಜಿ, ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ ಪರೀಕ್ಷೆಗಳು ಮೊದಲ ಹೆಜ್ಜೆಗೆ ಸಾಕು. ಒಂದು ವಿಷಯ ನೆನಪಿರಲಿ. ಇಸಿಜಿ ದಾಖಲಿಸುವುದು ಕೆಲವು ಸೆಕೆಂಡುಗಳ ಬಡಿತವನ್ನು ಮಾತ್ರ. ಆ ಹೊತ್ತಿಗೆ ಎದೆ ಹಾರದಿದ್ದರೆ ವರದಿ ಸರಿಯಾಗಿಯೇ ಬರಬಹುದು. ತೊಂದರೆ ಮರುಕಳಿಸುತ್ತಿದ್ದರೆ 24 ಗಂಟೆ ಅಥವಾ ಇನ್ನೂ ಹೆಚ್ಚು ಹೊತ್ತು ಮೈಮೇಲೆ ಕಟ್ಟಿಕೊಳ್ಳುವ ಹೋಲ್ಟರ್ ಯಂತ್ರದ ಬಗ್ಗೆ ವೈದ್ಯರನ್ನು ಕೇಳಿ.

ತಡಮಾಡಬಾರದ ಲಕ್ಷಣಗಳು

ಬಡಿತದ ಜೊತೆ ಎದೆನೋವು, ಉಸಿರುಕಟ್ಟುವಿಕೆ, ತಣ್ಣನೆಯ ಬೆವರು, ಕಣ್ಣು ಕತ್ತಲೆ ಅಥವಾ ಪ್ರಜ್ಞೆ ತಪ್ಪುವುದು ಇದ್ದರೆ 'ಟೆನ್ಷನ್' ಎಂದು ಕಾಯಬೇಡಿ. 108ಕ್ಕೆ ಕರೆ ಮಾಡಿ, ಆಸ್ಪತ್ರೆಗೆ ಹೋಗಿ. ಓಡುವಾಗ, ಭಾರ ಎತ್ತುವಾಗ ಎದೆ ಹಾರುವವರು, ಮೊದಲೇ ಹೃದ್ರೋಗ ಇರುವವರು, ಕುಟುಂಬದಲ್ಲಿ ಚಿಕ್ಕ ವಯಸ್ಸಿನಲ್ಲೇ ಯಾರಾದರೂ ಹಠಾತ್ತನೆ ತೀರಿಕೊಂಡಿರುವವರು ಹೃದಯ ತಜ್ಞರನ್ನು ಕಾಣಲೇಬೇಕು.

ವರದಿ ಸರಿ ಬಂದ ಮೇಲೆ

ವೈದ್ಯರು ನೋಡಿ 'ಹೃದಯ ಚೆನ್ನಾಗಿದೆ' ಎಂದ ಮೇಲೆ ಅದನ್ನು ನಂಬುವುದೂ ಚಿಕಿತ್ಸೆಯ ಭಾಗ. ಗಂಟೆಗೊಮ್ಮೆ ನಾಡಿ ಹಿಡಿದು ನೋಡುವುದು, ಸ್ಮಾರ್ಟ್ ವಾಚ್ ದಿಟ್ಟಿಸುವುದು, ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುವುದು ಭಯಕ್ಕೆ ನೀರೆರೆದಂತೆ. ಎದೆ ಹಾರಿದಾಗ ಕುಳಿತುಕೊಂಡು, ನಾಲ್ಕು ಎಣಿಸುವವರೆಗೆ ಮೂಗಿನಿಂದ ಉಸಿರು ಎಳೆದು, ಆರು ಎಣಿಸುವವರೆಗೆ ನಿಧಾನವಾಗಿ ಬಿಡಿ. ಐದು ನಿಮಿಷ ಹೀಗೆ ಮಾಡಿ. ಚಹಾ ಕಡಿಮೆ ಮಾಡಿ, ದಿನಾ ಅರ್ಧ ಗಂಟೆ ನಡೆಯಿರಿ, ನಿದ್ದೆಗೆ ಹೊತ್ತು ಇಟ್ಟುಕೊಳ್ಳಿ.

ಇಷ್ಟಾದರೂ ವಾರಗಟ್ಟಲೆ ಭಯ ಬಿಡದಿದ್ದರೆ ಮನೋವೈದ್ಯರನ್ನು ಕಾಣಲು ನಾಚಿಕೆ ಬೇಡ. ಆಪ್ತ ಸಮಾಲೋಚನೆ ಮತ್ತು ಔಷಧಿಯಿಂದ ಆತಂಕ ಹತೋಟಿಗೆ ಬರುತ್ತದೆ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಮನೆಯವರಿಗೂ ಒಂದು ಮಾತು. ಆತಂಕದಿಂದ ಬಂದ ಬಡಿತ ನಾಟಕವಲ್ಲ, ಆ ಹೃದಯ ನಿಜವಾಗಿಯೂ ಓಡುತ್ತಿರುತ್ತದೆ. 'ಏನೂ ಇಲ್ಲ, ಸುಮ್ಮನಿರು' ಎನ್ನುವ ಬದಲು ಒಮ್ಮೆ ಜೊತೆಯಲ್ಲಿ ವೈದ್ಯರ ಬಳಿ ಹೋಗಿ ಬನ್ನಿ. ಅಮ್ಮನೋ, ಹೆಂಡತಿಯೋ, ಸೊಸೆಯೋ ಎಷ್ಟು ದಿನದಿಂದ ಒಬ್ಬಳೇ ಹೆದರಿಕೊಂಡು ಮಲಗುತ್ತಿದ್ದಳು ಎಂಬುದು ಆ ದಾರಿಯಲ್ಲೇ ನಿಮಗೆ ತಿಳಿಯಬಹುದು.