ಕಸಿ ಕಡ್ಡಿಗೂ ಬೆಲೆಯುಂಟು

ಯಶವಂತಪುರದ ಮಗ್ಗುಲಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಲ್ಲಿ ಕುಣಿಗಲ್ ತಾಲ್ಲೂಕಿನ ಹೊಸಹಳ್ಳಿಗೆ ಸೌದೆ ಅನಿಲದಿಂದ ವಿದ್ಯುತ್ ದೀಪ ಕೊಟ್ಟರು. ಗಾಳಿ ಕಡಿಮೆ ಬಿಟ್ಟು ಉರಿಸಿದ ಕಟ್ಟಿಗೆಯ ಅನಿಲದಿಂದ ಇಂಜಿನ್ ಓಡುತ್ತಿತ್ತು. ಡೀಸೆಲ್ ಸ್ವಲ್ಪವೇ ಸಾಕಾಗುತ್ತಿತ್ತು. ಅಂಥ ಯಂತ್ರ ನಮ್ಮಂಥ ಸಣ್ಣ ಹಿಡುವಳಿದಾರರಿಗೆ ಭಾರವೇ ಸರಿ. ಆದರೆ ಅದು ಬೇಡುವ ಒಣ ಸೌದೆಯನ್ನೇ ನಮ್ಮ ಅಡಿಕೆ ಹಂಡೆಯೂ ಬೇಡುತ್ತದೆ. ಹಸಿ ಕಟ್ಟಿಗೆಯ ಶಾಖದಲ್ಲಿ ಒಂದು ಪಾಲು ಅದರ ನೀರು ಆರಿಸುವುದಕ್ಕೇ ಹೋಗುತ್ತದೆ. ಹೊಗೆ ಒಲೆಯ ಮುಂದೆ ಕುಳಿತವರ ಪಾಲು.

ಕಾಫಿ ಕೊಯ್ಲಿನ ನಂತರದ ಕಸಿ ಕಡ್ಡಿ, ಮರಗಸಿಯ ಕೊಂಬೆಗಳನ್ನು ಕಡಿದು ಮುಂಗಾರಿಗೆ ಮುನ್ನ ಮಾಡಿನಡಿ ಪೇರಿಸಿದರೆ ಅಡಿಕೆ ಬೇಯಿಸುವ ಕಾಲಕ್ಕೆ ಒಣಗಿರುತ್ತವೆ. ಬೆಟ್ಟದ ಮರಕ್ಕೆ ಕೊಡಲಿ ಹಾಕುವುದು ತಪ್ಪುತ್ತದೆ. ಸೊಪ್ಪು, ಎಳೆ ಕಡ್ಡಿ ತೋಟದ ಮಣ್ಣಿಗೇ ಸೇರಲಿ. ಬಿಳಿ ಕಾಂಡಕೊರಕ ಹೊಕ್ಕ ಅರೇಬಿಕಾ ಗಿಡಗಳನ್ನು ಮಾತ್ರ ಪೇರಿಸಿಡಬೇಡಿ; ಏಪ್ರಿಲ್‌ನಲ್ಲಿ ದುಂಬಿ ಹೊರಬೀಳುವ ಮುನ್ನವೇ ಸುಟ್ಟುಬಿಡಿ.