ಉತ್ತರ ಹೇಳಿಕೊಡಬೇಡಿ, ಪಾಠ ಹೇಳಿಕೊಡಿ



ನಿಮ್ಮಲ್ಲಿ ಹಲವರು ಹದಿನೆಂಟು ತುಂಬಿದ ವರ್ಷವೇ ಡ್ರೈವಿಂಗ್ ಲೈಸೆನ್ಸ್ ಮಾಡಿಸಿಕೊಂಡವರು. ನಾನು ಮಾಡಿಸಿಕೊಂಡದ್ದು ಐವತ್ತಮೂರನೆಯ ವಯಸ್ಸಿನಲ್ಲಿ. ಇದನ್ನು ಹೆಮ್ಮೆಗಾಗಿ ಹೇಳುತ್ತಿಲ್ಲ. ನಿಮ್ಮ ಮನೆಯಲ್ಲಿಯೂ ನನ್ನಂಥ ಒಬ್ಬ ಅಮ್ಮನೋ ಚಿಕ್ಕಮ್ಮನೋ ಇರಬಹುದು. ಅವರ ಪರವಾಗಿ ನಿಮ್ಮೊಡನೆ ನಾಲ್ಕು ಮಾತು ಆಡುವುದಿದೆ.

ಮದುವೆಯಾಗಿ ವಿಠ್ಠಲವಾಡಿಗೆ ಬಂದ ಮೇಲೆ ವಾಹನ ಕಲಿಯುವ ಅಗತ್ಯವೇ ನನಗೆ ಕಂಡಿರಲಿಲ್ಲ. ರೈಲ್ವೆ ಸ್ಟೇಷನ್ ಹತ್ತಿರ, ಎಸ್.ಟಿ. ಡಿಪೋ ಹತ್ತಿರ, ಕಲ್ಯಾಣಕ್ಕೆ ಹೋಗಲು ಶೇರ್ ರಿಕ್ಷಾ. ಮನೆಗೆ ಕಾರು ಬಂದಾಗಲೂ ನನ್ನ ಜಾಗ ಎಡಗಡೆಯ ಸೀಟು. ಒಂದು ಮಳೆಗಾಲದ ರಾತ್ರಿ ನಮ್ಮವರಿಗೆ ಎದೆನೋವು ಕಾಣಿಸಿಕೊಂಡಿತು. ಮಗ ಪುಣೆಯಲ್ಲಿದ್ದ. ಹೊರಗೆ ಸುರಿಯುವ ಮಳೆ, ಒಂದು ರಿಕ್ಷಾ ಇಲ್ಲ. ಕಾರೇನೋ ಕೆಳಗೇ ನಿಂತಿತ್ತು, ನಡೆಸುವವರು ಹಾಸಿಗೆಯಲ್ಲಿದ್ದರು. ಕೊನೆಗೆ ಎದುರು ಮನೆಯವರು ಎದ್ದು ಬಂದು ಆಸ್ಪತ್ರೆಗೆ ಮುಟ್ಟಿಸಿದರು. ದೇವರ ದಯೆ, ಹೃದಯದ ತೊಂದರೆಯಲ್ಲ ಎಂದರು ಡಾಕ್ಟರು. ಆದರೆ ಆ ಅರ್ಧ ಗಂಟೆ ಕಾರಿನ ಕೀಲಿ ಕೈಯಲ್ಲಿ ಹಿಡಿದು ನಿಂತದ್ದನ್ನು ನಾನು ಮರೆಯಲಾರೆ.

ಮಗ ಬಂದಾಗ, "ನಾನೂ ಕಲಿಯುತ್ತೇನೆ" ಎಂದೆ. "ಈಗ ಎಲ್ಲ ಆನ್‌ಲೈನ್ ಅಮ್ಮಾ, ತುಂಬಾ ಸುಲಭ" ಎಂದ. ಅದು ನಿಜವೇ. ಮಹಾರಾಷ್ಟ್ರದಲ್ಲಿ 2021ರ ಜೂನ್‌ನಿಂದ, ಆಧಾರ್ ಇದ್ದರೆ ಕಲಿಕಾ ಲೈಸೆನ್ಸಿನ ಪರೀಕ್ಷೆಯನ್ನು ಮನೆಯಲ್ಲೇ ಕುಳಿತು ಕೊಡಬಹುದು. ಕೇಂದ್ರ ಸರಕಾರದ 'ಸಾರಥಿ' ಪೋರ್ಟಲ್‌ನಲ್ಲಿ ಅರ್ಜಿ ತುಂಬಬೇಕು. 40 ದಾಟಿದವರು ವೈದ್ಯರಿಂದ 'ಫಾರ್ಮ್ 1-ಎ' ಸರ್ಟಿಫಿಕೇಟ್ ತರಬೇಕು. ಪರೀಕ್ಷೆಯಲ್ಲಿ 15 ಪ್ರಶ್ನೆ, 9 ಸರಿಯಾದರೆ ಪಾಸು. ಅಭ್ಯಾಸಕ್ಕೆ ಮಾದರಿ ಪರೀಕ್ಷೆಯೂ ಉಂಟು.

ಮೊದಲ ದಿನ ಮಾದರಿ ಪರೀಕ್ಷೆಗೆ ಕುಳಿತಾಗ ಮಗ ಪಕ್ಕದಲ್ಲೇ ಇದ್ದ. ನಾನು ಯೋಚಿಸುವಷ್ಟರಲ್ಲಿ ಅವನ ಬೆರಳು ಉತ್ತರ ತೋರಿಸುತ್ತಿತ್ತು. ಹದಿನೈದಕ್ಕೆ ಹದಿನೈದು! "ನಿಜವಾದ ಪರೀಕ್ಷೆಗೂ ಹೀಗೇ. ನೀನು ಸುಮ್ಮನೆ ಕ್ಯಾಮೆರಾ ಮುಂದೆ ಕುಳಿತಿರು, ಉತ್ತರ ನಾನು ಹೇಳ್ತೇನೆ" ಎಂದ. ಪ್ರೀತಿಯಿಂದಲೇ ಹೇಳಿದ್ದು. ಮರುದಿನ ಅವನಿಲ್ಲದಾಗ ನಾನೊಬ್ಬಳೇ ಕುಳಿತೆ. ಬಂದದ್ದು ಏಳು.

ಇಂಗ್ಲಿಷಿನಲ್ಲಿ ಬಿ.ಎ. ಮಾಡಿದ ನನಗೆ ಪ್ರಶ್ನೆಯ ಭಾಷೆ ತೊಡಕಾಗಲಿಲ್ಲ. ರಸ್ತೆಯ ಭಾಷೆಯೇ ಗೊತ್ತಿರಲಿಲ್ಲ. ಇಷ್ಟು ವರ್ಷ ಎಡಗಡೆ ಕುಳಿತು ನಾನು ಅಂಗಡಿಗಳನ್ನು ನೋಡಿದ್ದೆನೇ ಹೊರತು ಫಲಕಗಳನ್ನಲ್ಲ. ಅಂದು ಸಂಜೆ ಮಗನಿಗೆ ಹೇಳಿದೆ: "ಉತ್ತರ ಬೇಡ ಮಗಾ, ಪಾಠ ಹೇಳು."

ಅಂದಿನಿಂದ ರಾತ್ರಿ ಊಟವಾದ ಮೇಲೆ ನಮ್ಮ ತರಗತಿ ಶುರುವಾಯಿತು. ವೃತ್ತವೆಂದರೆ ಆಜ್ಞೆ, ತ್ರಿಕೋನವೆಂದರೆ ಎಚ್ಚರಿಕೆ, ಆಯತವೆಂದರೆ ಮಾಹಿತಿ. ಇದಕ್ಕೆ ಹೊರತಾದವು ಎರಡು: ಎಂಟು ಮೂಲೆಯ 'ನಿಲ್ಲಿ' ಮತ್ತು ತಲೆಕೆಳಗಾದ ತ್ರಿಕೋನದ 'ದಾರಿ ಬಿಡಿ'. ಇವೂ ಆಜ್ಞೆಗಳೇ. ಕಡಿದಾದ ಕಿರಿದಾದ ದಾರಿಯಲ್ಲಿ ಏರಿ ಬರುವ ಗಾಡಿಗೆ ಇಳಿಯುವವರು ದಾರಿ ಬಿಡಬೇಕು. ವೃತ್ತಾಕಾರದ ಸರ್ಕಲ್‌ನಲ್ಲಿ ಬಲದಿಂದ ಬರುವವರಿಗೆ ಮೊದಲ ಹಕ್ಕು. ಮಗ ಇಂಗ್ಲಿಷ್, ಹಿಂದಿ ಬೆರೆಸಿ ಹೇಳುತ್ತಿದ್ದ, ನಾನು ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದೆ. "ಓವರ್‌ಟೇಕ್‌ಗೆ ಏನು ಬರೆದೆ?" ಎಂದು ಇಣುಕಿದ. "ಹಿಂದಿಕ್ಕುವುದು" ಎಂದೆ. ಆ ಶಬ್ದ ಅವನಿಗೆ ಎಷ್ಟು ಹಿಡಿಸಿತೆಂದರೆ, ಈಗಲೂ ಹೆದ್ದಾರಿಯಲ್ಲಿ "ಅಮ್ಮಾ, ಹಿಂದಿಕ್ಕಲೇ?" ಎನ್ನುತ್ತಾನೆ. ಪಾಠ ಎರಡೂ ಕಡೆಗೆ ಆಯಿತು ನೋಡಿ.

ಹತ್ತು ದಿನದ ನಂತರ ನಾನೇ ಒತ್ತಿದ ಉತ್ತರಗಳಲ್ಲಿ ಹನ್ನೆರಡು ಸರಿಯಾದವು. ಕಲಿಕಾ ಲೈಸೆನ್ಸ್ ಬಂತು. ಅದಕ್ಕೆ ಆರು ತಿಂಗಳ ಅವಧಿ. 30 ದಿನ ಕಳೆದ ಮೇಲೆ ಪಕ್ಕಾ ಲೈಸೆನ್ಸಿನ ಪರೀಕ್ಷೆಗೆ ಹೋಗಬಹುದು. ಆದರೆ ಆ ಪರೀಕ್ಷೆ ಮನೆಯಲ್ಲಲ್ಲ, ಅಧಿಕಾರಿಯ ಕಣ್ಣೆದುರು ಗಾಡಿ ನಡೆಸಿ ತೋರಿಸಬೇಕು.

"ಓದು ಒಕ್ಕಾಲು, ಬುದ್ಧಿ ಮುಕ್ಕಾಲು" ಎಂದು ನಮ್ಮ ಹಿರಿಯರು ಹೇಳಿದ್ದು ಸುಮ್ಮನೆಯೇ? ಹಿಂದೆ ಮುಂದೆ ಬಿಳಿ ಹಲಗೆಯ ಮೇಲೆ ಕೆಂಪು 'ಎಲ್' ಹಚ್ಚಿ, ಕಲಿಸುವವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಪುಣೆ ಲಿಂಕ್ ರೋಡಿಗೆ ಇಳಿದಾಗ ಅದರ ಅರ್ಥವಾಯಿತು. ಏರಿನ ನಿಯಮ ನನಗೆ ಬಾಯಿಪಾಠವಾಗಿತ್ತು. ಆದರೆ ಏರಿನಲ್ಲಿ ನಿಂತ ಗಾಡಿಯನ್ನು ಹಾಫ್ ಕ್ಲಚ್‌ನಲ್ಲಿ ಎತ್ತುವುದು ಎಡಗಾಲಿಗೆ ತಿಳಿದಿರಲಿಲ್ಲ. ಗಾಡಿ ಹಿಂದೆ ಜಾರಿತು, ಹಿಂದಿನ ರಿಕ್ಷಾದವನು ಹಾರ್ನಿನಲ್ಲೇ ಬೈದ. ಪರದೆ ಕಲಿಸುವುದು ಕಣ್ಣಿಗೆ ಮತ್ತು ತಲೆಗೆ. ಕೈಕಾಲಿಗೆ ರಸ್ತೆಯೇ ಗುರು. ಎರಡರಲ್ಲಿ ಒಂದನ್ನು ಬಿಟ್ಟರೂ ಕಲಿಕೆ ಅರ್ಧ.

ಬೇರೆ ಕಡೆಯೂ ಈ ಮಾತಿಗೆ ಬೆಲೆಯಿದೆ. ಅಮೆರಿಕದ ಟೆಕ್ಸಾಸಿನಲ್ಲಿ 18ರಿಂದ 24 ವಯಸ್ಸಿನವರು ಮೊದಲ ಲೈಸೆನ್ಸಿಗೆ 6 ಗಂಟೆಯ ಪಾಠ ಮುಗಿಸಲೇಬೇಕು. ಅದನ್ನು ಆನ್‌ಲೈನಿನಲ್ಲೂ ಮಾಡಬಹುದು, ಆದರೆ ಅದರ ನಂತರವೂ ರಸ್ತೆಯ ಪರೀಕ್ಷೆ ತಪ್ಪುವುದಿಲ್ಲ. ನಮ್ಮಲ್ಲಿ ಮಾನ್ಯತೆ ಪಡೆದ ತರಬೇತಿ ಕೇಂದ್ರಗಳಿಗೆ 2021ರಲ್ಲಿ ಬಂದ ನಿಯಮದಂತೆ ಕಾರಿನ ತರಬೇತಿ 4 ವಾರಗಳಲ್ಲಿ 29 ಗಂಟೆ: 8 ಗಂಟೆ ಪಾಠ, 21 ಗಂಟೆ ಪ್ರಾಯೋಗಿಕ. ಈ ಲೆಕ್ಕವೇ ಎಲ್ಲವನ್ನೂ ಹೇಳುತ್ತದೆ.

2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅಮ್ಮನ ಪರೀಕ್ಷೆಗೆ ನೀವು ಉತ್ತರ ಒತ್ತಿದರೆ ಅದು ಕಾನೂನಿಗೆ ತಪ್ಪು ಎನ್ನುವುದು ಒಂದು ಮಾತು. ನಾಳೆ ತಿರುವಿನಲ್ಲಿ ಅವರೊಬ್ಬರೇ ಇರುವಾಗ ನಿಮ್ಮ ಬೆರಳು ಅಲ್ಲಿರುವುದಿಲ್ಲ ಎನ್ನುವುದು ಅದಕ್ಕಿಂತ ದೊಡ್ಡ ಮಾತು.

ಆದ್ದರಿಂದ ನನ್ನ ಕೋರಿಕೆ ಇಷ್ಟೇ. ಅರ್ಜಿ ತುಂಬಲು ನೆರವಾಗಿ. ಒ.ಟಿ.ಪಿ. ಬಂದರೆ ಗಾಬರಿಯಾಗದಂತೆ ನೋಡಿಕೊಳ್ಳಿ. ಫಲಕಗಳನ್ನು ಒಂದೊಂದಾಗಿ ವಿವರಿಸಿ. ಅವರು ಮೂರು ಸಲ ಕೇಳಿದರೆ ಮೂರು ಸಲವೂ ಹೇಳಿ. ನಿಮಗೆ ಮಗ್ಗಿ ಕಲಿಸಿದಾಗ ಅವರು ಹಾಗೆಯೇ ಮಾಡಿದ್ದರು. ಪರೀಕ್ಷೆಯ ಹೊತ್ತಿಗೆ ಮಾತ್ರ ಎದ್ದು ಹೊರಗೆ ಹೋಗಿ. "ಈ ವಯಸ್ಸಿನಲ್ಲಿ ಯಾಕೆ?" ಎಂದು ಯಾರಾದರೂ ಕೇಳಿದರೆ, ನನ್ನ ಲೈಸೆನ್ಸ್ 60 ತುಂಬುವವರೆಗೆ ನಡೆಯುತ್ತದೆ, ಆಮೇಲೂ ನವೀಕರಿಸಬಹುದು ಎಂದು ಹೇಳಿ.

ಕಳೆದ ತಿಂಗಳು ನಮ್ಮವರನ್ನು ತಪಾಸಣೆಗೆ ನಾನೇ ಕರೆದುಕೊಂಡು ಹೋದೆ. ಎಡಗಡೆಯ ಸೀಟಿನಲ್ಲಿ ಕುಳಿತು ಅವರು ದಾರಿಯುದ್ದಕ್ಕೂ ಬ್ರೇಕ್ ಒತ್ತುತ್ತಿದ್ದರು, ಅಲ್ಲಿ ಬ್ರೇಕ್ ಇಲ್ಲದಿದ್ದರೂ! ನಿಧಾನವಾಗಿ ಹೋದೆವು, ಕ್ಷೇಮವಾಗಿ ಬಂದೆವು. ನಿಮ್ಮ ಮನೆಯಲ್ಲೂ ಹಾಗೇ ಆಗಲಿ.